ಸೂರಿನ ನೀರು ಚರಂಡಿಗೆ ಬಿಡಬೇಡಿ: ಎರಡು ಭಾನುವಾರದಲ್ಲಿ ನೀವೇ ಮಾಡ್ಕೊಳ್ಳಬಹುದಾದ ಮಳೆನೀರು ಕೊಯ್ಲು



2024ರ ಬೇಸಿಗೆ ನೆನಪಿದೆಯಲ್ಲಾ? ಅದರ ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತ್ತು. ಮಾರ್ಚ್ ಹೊತ್ತಿಗೆ ಬೆಂಗಳೂರಿನ 13,900 ಸರ್ಕಾರಿ ಬೋರ್‌ವೆಲ್‌ಗಳ ಪೈಕಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಟ್ಯಾಂಕರ್ ರೇಟು ಕೈಮೀರಿದಾಗ ಜಿಲ್ಲಾಡಳಿತವೇ ದರ ಕಟ್ಟಬೇಕಾಯ್ತು. 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ.

ಇದರ ಬಿಸಿ ಅಪಾರ್ಟ್‌ಮೆಂಟ್‌ನವರಿಗೆ ಮಾತ್ರ ತಟ್ಟಲಿಲ್ಲ. ವೈಟ್‌ಫೀಲ್ಡ್ ಆಚೆ ವರ್ತೂರು, ಗುಂಜೂರು, ಎಲೆಕ್ಟ್ರಾನಿಕ್ ಸಿಟಿ ಸುತ್ತ ಹೆಬ್ಬಗೋಡಿ, ಚಂದಾಪುರ, ಪೀಣ್ಯ ದಾಟಿದರೆ ನೆಲಮಂಗಲ, ಈ ಕಡೆಯ ರೈತರ ಮನೆಗಳಿಗೂ ತಟ್ಟಿತು. ಒಂದೆರಡು ಎಕರೆ ಸೊಪ್ಪು, ನಾಲ್ಕು ಹಸು, ಪಕ್ಕದಲ್ಲೇ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟ ಶೀಟ್ ರೂಮುಗಳು, ಎಲ್ಲಕ್ಕೂ ಇರೋದು ಒಂದೇ ಬೋರ್. ಅದು ನಿಂತರೆ ಬೆಳೆನೂ ನಿಲ್ಲುತ್ತೆ, ಬಾಡಿಗೆಯವರೂ ಖಾಲಿ ಮಾಡ್ತಾರೆ.

ಮನೆ ರಿಪೇರಿ ಅಂದ್ರೆ ಸುಣ್ಣಬಣ್ಣ, ಟೈಲ್ಸ್ ಅಂತ ನಾವು ಅಂದ್ಕೋತೀವಿ. ಈ ವರ್ಷ ಕೈಗೆ ಸ್ವಲ್ಪ ಬಿಡುವು, ಜೇಬಲ್ಲಿ ಸ್ವಲ್ಪ ದುಡ್ಡು ಇದ್ದರೆ ಮೊದಲು ಸೂರಿನ ನೀರು ಹಿಡಿಯೋ ಕೆಲಸ ಮಾಡಿ. ಆಕ್ಸಾ ಬ್ಲೇಡು, ಡ್ರಿಲ್ ಹಿಡಿಯೋಕೆ ಬರುತ್ತೆ ಅಂದ್ರೆ ಸಾಕು. ಡ್ರಿಪ್ ಪೈಪ್ ಜೋಡಿಸಿದವರಿಗೆ ಇದು ಹೊಸ ವಿದ್ಯೆ ಏನಲ್ಲ.

ಮೊದಲು ಲೆಕ್ಕ

1 ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಲೆಕ್ಕ ಅಡಿಯಲ್ಲಿ ಇರೋದ್ರಿಂದ ಚದರ ಅಡಿಯನ್ನು 11ರಿಂದ ಭಾಗಿಸಿ, ಮಳೆಯ ಮಿ.ಮೀ.ನಿಂದ ಗುಣಿಸಿ. ಚೆಲ್ಲಿದ್ದು, ಆವಿಯಾಗಿದ್ದು ಅಂತ ನೂರಕ್ಕೆ 15 ಕಳೆಯಿರಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಒಂದು ನಿಮಿಷದ ಕೆಲಸ.

20×30 ಅಡಿ ಮನೆ, ಅಂದ್ರೆ 600 ಚದರ ಅಡಿ ಛಾವಣಿ ಅಂತ ಇಟ್ಕೊಳ್ಳಿ. 20 ಮಿ.ಮೀ.ನ ಒಂದು ಒಳ್ಳೆ ಮಳೆಗೆ ಸುಮಾರು 925 ಲೀಟರ್ ಬರುತ್ತೆ. ಒಂದೇ ಸಂಜೆಯಲ್ಲಿ ಸಾವಿರ ಲೀಟರ್ ಟ್ಯಾಂಕ್ ಹೆಚ್ಚುಕಮ್ಮಿ ಭರ್ತಿ. ಬೆಂಗಳೂರಿನ ವಾರ್ಷಿಕ ವಾಡಿಕೆ ಮಳೆ ಸುಮಾರು 970 ಮಿ.ಮೀ. ಹಾಗಾದ್ರೆ ಇದೇ ಛಾವಣಿಯಿಂದ ವರ್ಷಕ್ಕೆ ಸುಮಾರು 45,000 ಲೀಟರ್ ಇಳಿಯುತ್ತೆ. 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಏಳು ಲೋಡಿಗಿಂತ ಜಾಸ್ತಿ. ಬಾಡಿಗೆ ರೂಮುಗಳ ಶೀಟು, ಕೊಟ್ಟಿಗೆ ಶೀಟು ಸೇರಿಸಿದರೆ ಎಷ್ಟಾಗುತ್ತೆ, ನೀವೇ ನೋಡಿ.

ಒಂದು ಮಾತು ನೇರವಾಗಿ ಹೇಳಬೇಕು. ಸಾವಿರ ಲೀಟರ್ ಟ್ಯಾಂಕ್ ಒಂದರಿಂದ ಬೇಸಿಗೆ ಪೂರ್ತಿ ಸಂಸಾರ ನಡೆಯಲ್ಲ. ಮಳೆಗಾಲದಲ್ಲಿ ಬೋರ್‌ಗೆ, ಟ್ಯಾಂಕರ್‌ಗೆ ಬಿಡುವು ಸಿಗುತ್ತೆ, ಅಷ್ಟೇ. ಪೂರ್ತಿ ಮಳೆನೀರಲ್ಲೇ ಬದುಕಿ ತೋರಿಸಿದವರೂ ಇದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ವಿಜಯನಗರದಲ್ಲಿ ‘ಸೌರಭ’ ಅನ್ನೋ ಮನೆ ಕಟ್ಟಿ, ಜಲಮಂಡಳಿ ಸಂಪರ್ಕವೇ ಇಲ್ಲದೆ ಎರಡು ದಶಕಕ್ಕೂ ಹೆಚ್ಚು ಕಾಲ ಸಂಸಾರ ನಡೆಸಿದರು. ಅವರು ಮೊದಲು ನೋಡಿದ್ದು ಹಳೆಯ ಮಳೆ ದಾಖಲೆ. ಎರಡು ಒಳ್ಳೆ ಮಳೆಗಳ ನಡುವಿನ ಒಣ ದಿನಗಳು ಸುಮಾರು 100 ಅಂತ ಕಂಡುಕೊಂಡು, ಅಷ್ಟು ದಿನಕ್ಕೆ ಸಾಲುವಷ್ಟು ನೀರು ಹಿಡಿಯೋ ತೊಟ್ಟಿಗಳನ್ನು ಮಾಡಿಸಿದರು. ನಮಗೂ ಇದೇ ಪಾಠ. ಈ ವರ್ಷ ಒಂದು ಟ್ಯಾಂಕ್‌ನಿಂದ ಶುರು ಮಾಡಿ, ಕೈಯಲ್ಲಾದಾಗ ಇನ್ನೊಂದು ಸೇರಿಸಿ.

ಮೊದಲ ಭಾನುವಾರ: ದೋಣಿ ಪೈಪು

6 ಇಂಚಿನ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ದೋಣಿ ಸಿಗುತ್ತೆ. ಸೂರಿನ ಕೆಳಗೆ 2–3 ಅಡಿಗೊಂದು ಕ್ಲ್ಯಾಂಪ್ ಹಾಕಿ ಕೂರಿಸಿ. ಕ್ಲ್ಯಾಂಪನ್ನು ಗೋಡೆಗೆ ಇಲ್ಲವೇ ತೊಲೆಗೆ ಹಾಕಿ, ಶೀಟಿಗಲ್ಲ.

ದೋಣಿಗೆ ಇಳಿಜಾರು ಬೇಕು. 10 ಅಡಿಗೆ ಒಂದೂಕಾಲು ಇಂಚು ಸಾಕು. 30 ಅಡಿ ಗೋಡೆಯಾದರೆ ಈ ತುದಿಗೂ ಆ ತುದಿಗೂ ಮೂರೂವರೆಯಿಂದ ನಾಲ್ಕು ಇಂಚು ವ್ಯತ್ಯಾಸ. ಫೋನಿನ ಲೆವೆಲ್ ಆ್ಯಪ್ ಇಷ್ಟು ಉದ್ದಕ್ಕೆ ನಂಬೋ ಹಾಗಿಲ್ಲ. ಗಾರೆ ಮೇಸ್ತ್ರಿಗಳ ಹಾಗೆ ಪಾರದರ್ಶಕ ಟ್ಯೂಬಿಗೆ ನೀರು ತುಂಬಿಸಿ ಮಟ್ಟ ನೋಡಿ. ಕೂರಿಸಿದ ಮೇಲೆ ಮೇಲಿನ ತುದಿಯಲ್ಲಿ ಒಂದು ಬಕೆಟ್ ನೀರು ಸುರಿದು, ಎಲ್ಲೂ ನಿಲ್ಲದೆ ಹರಿಯುತ್ತಾ ಅಂತ ಪರೀಕ್ಷೆ ಮಾಡಿ.

ಜೀವಕ್ಕೆ ಸಂಬಂಧಿಸಿದ ಮೂರು ಎಚ್ಚರಿಕೆ:

- ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ. ಹಳೇ ಶೀಟು ದಿಢೀರ್ ಅಂತ ಒಡೆದು ಒಳಗೇ ಬೀಳ್ತೀರಿ. ಏಣಿ ಮೇಲೆ ನಿಂತೇ ಕೆಲಸ ಮಾಡಿ, ಕೆಳಗೆ ಏಣಿ ಹಿಡಿಯೋಕೆ ಒಬ್ಬರು ಇರಲಿ.
- ಅದು ಕಲ್ನಾರು ಶೀಟು ಆಗಿದ್ದರೆ ಕೊಯ್ಯೋದು, ತೂತು ಹಾಕೋದು, ಒಣಗಿದ್ದಾಗ ಉಜ್ಜೋದು ಬೇಡ. ಆ ದೂಳು ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು.
- ಕಂಬದಿಂದ ಮನೆಗೆ ಬರೋ ಕರೆಂಟ್ ತಂತಿ ಸೂರಿನ ಹತ್ತಿರವೇ ಇರುತ್ತೆ. ಅಲ್ಯೂಮಿನಿಯಂ ಏಣಿ ಅದಕ್ಕೆ ತಾಗಿದರೆ ಮುಗೀತು. ತಂತಿ ಇರೋ ಕಡೆ ಬಿಟ್ಟು ಬೇರೆ ಕಡೆಯಿಂದ ಹತ್ತಿ.

ಎರಡನೇ ಭಾನುವಾರ: ಮೊದಲ ಕೊಳೆ ಹೊರಗೆ, ಸೋಸಿದ ನೀರು ಒಳಗೆ

ಮೊದಲ ಮಳೆ ಛಾವಣಿ ತೊಳೆಯುತ್ತೆ. ಹಕ್ಕಿ ಹಿಕ್ಕೆ, ಎಲೆ, ದೂಳು ಎಲ್ಲಾ ಅದರಲ್ಲೇ ಬರುತ್ತೆ. ಅದನ್ನು ಟ್ಯಾಂಕಿಗೆ ಬಿಡಬಾರದು. ದೋಣಿಯಿಂದ ಇಳಿಯೋ ಪೈಪಿಗೆ ಒಂದು ಟೀ ಹಾಕಿ. ಟೀ ಕೆಳಗೆ 6 ಇಂಚಿನ ಪೈಪು 2 ಮೀಟರ್ ನೇರವಾಗಿ ಇಳಿಯಲಿ, ಅದರ ತಳಕ್ಕೆ ಎಂಡ್ ಕ್ಯಾಪು, ಒಂದು ವಾಲ್ವು. ಇದರಲ್ಲಿ ಸುಮಾರು 36 ಲೀಟರ್ ಕೊಳೆ ನೀರು ತುಂಬಿಕೊಳ್ಳುತ್ತೆ. ಅದು ತುಂಬಿದ ಮೇಲೆ ಬರೋ ನೀರು ಟೀ ಪಕ್ಕದಿಂದ ಫಿಲ್ಟರ್ ಕಡೆ ಹೋಗುತ್ತೆ. ಮಳೆ ನಿಂತ ಮೇಲೆ ವಾಲ್ವು ತೆಗೆದು ಖಾಲಿ ಮಾಡಿ, ಮತ್ತೆ ಮುಚ್ಚಿ. 600 ಚದರ ಅಡಿಗೆ ಇಷ್ಟು ಸಾಕು. ಫ್ಯಾಕ್ಟರಿ ಹೊಗೆ, ಕ್ವಾರಿ ದೂಳು ಬೀಳೋ ಕಡೆ ಇದರ ಎರಡರಷ್ಟು ಬಿಡಿ.

ಫಿಲ್ಟರ್‌ಗೆ 200 ಲೀಟರ್ ಡ್ರಮ್ಮು. ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಮೇಲೆ ದಪ್ಪ ಮರಳು. ಪ್ರತಿ ಪದರದ ನಡುವೆ ನೈಲಾನ್ ಮೆಶ್ ಹಾಸಿ. ಎಲ್ಲವನ್ನೂ ಚೆನ್ನಾಗಿ ತೊಳೆದೇ ತುಂಬಿ. ಡ್ರಮ್ಮಿನ ತಳದಿಂದ ಟ್ಯಾಂಕಿಗೆ ಪೈಪು, ಡ್ರಮ್ಮಿನ ಬಾಯಿ ಹತ್ತಿರ ಹೆಚ್ಚಾದ ನೀರು ಹೊರಹೋಗೋಕೆ ಇನ್ನೊಂದು ಪೈಪು. ಇಷ್ಟು ಕೆಲಸ ಬೇಡ ಅಂದ್ರೆ ಶಿವಕುಮಾರ್ ಅವರೇ ರೂಪಿಸಿದ ಪಾಪ್ ಅಪ್ ಫಿಲ್ಟರ್ ಇದೆ.

ಡ್ರಮ್ ಕೊಳ್ಳುವಾಗ ಹುಷಾರು. ಪೀಣ್ಯ, ಜಿಗಣಿ ಕಡೆ ಗುಜರಿಯಲ್ಲಿ ಸಿಗೋ ನೀಲಿ ಡ್ರಮ್ಮುಗಳಲ್ಲಿ ಮೊದಲು ಏನಿತ್ತು ಅಂತ ಯಾರೂ ಹೇಳಲ್ಲ. ಕೆಮಿಕಲ್ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಪ್ಲಾಸ್ಟಿಕ್ ಬಿಡಲ್ಲ. ಕೀಟನಾಶಕದ ಕ್ಯಾನಂತೂ ಬೇಡವೇ ಬೇಡ. ಹೊಸ ಡ್ರಮ್ ತಗೊಳ್ಳಿ.

ಸಾಮಾನು ತರೋ ಮುಂಚೆ ಎತ್ತರ ಅಳೆಯಿರಿ. ಸೂರಿಗಿಂತ ಟೀ ಕೆಳಗೆ, ಟೀಗಿಂತ ಡ್ರಮ್ಮಿನ ಬಾಯಿ ಕೆಳಗೆ, ಡ್ರಮ್ಮಿನ ತಳಕ್ಕಿಂತ ಟ್ಯಾಂಕಿನ ಬಾಯಿ ಕೆಳಗೆ ಬರಬೇಕು. ಎತ್ತರ ಸಾಲದಿದ್ದರೆ ನೆಲದ ಸಂಪಿಗೆ ಬಿಡಿ. ಹೆಚ್ಚಾದ ನೀರನ್ನು ಗೋಡೆ ಬುಡದಲ್ಲಿ ಬಿಟ್ಟರೆ ಪಾಯ ಕುಸಿಯುತ್ತೆ. ಪೈಪಿನಲ್ಲೇ ದೂರ ಒಯ್ದು ತೆಂಗಿನ ಬುಡಕ್ಕೋ ಇಂಗು ಗುಂಡಿಗೋ ಬಿಡಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ, ಗಾಳಿ ಪೈಪಿಗೆ ಸೊಳ್ಳೆ ಮೆಶ್ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ತಿಳಿನೀರಲ್ಲೇ.

ಈ ನೀರು ಯಾವುದಕ್ಕೆ?

ಬಟ್ಟೆ, ಪಾತ್ರೆ, ಸ್ನಾನ, ಹಸು ತೊಳೆಯೋದು, ಕೈತೋಟ ಎಲ್ಲಕ್ಕೂ ಆಗುತ್ತೆ. ರೈತರಿಗೆ ಇನ್ನೊಂದು ಲಾಭ ಇದೆ. ಆಳದ ಬೋರ್ ನೀರು ಗಡುಸು, ಮಳೆನೀರು ಮೆದು. ಗ್ಲೈಫೋಸೇಟ್, 2,4-ಡಿ ಅಮೈನ್‌ನಂಥ ಕಳೆನಾಶಕಗಳ ಶಕ್ತಿ ಗಡುಸು ನೀರಲ್ಲಿ ತಗ್ಗುತ್ತೆ. ಸ್ಪ್ರೇಗೆ ಅಂತಲೇ ಒಂದು ಡ್ರಮ್ ಮಳೆನೀರು ಬೇರೆ ಇಟ್ಕೊಳ್ಳಿ. ಡ್ರಿಪ್ಪಿಗೆ ಬಿಟ್ಟರೆ ತೂತುಗಳಲ್ಲಿ ಉಪ್ಪು ಕಟ್ಟೋದೂ ಇಲ್ಲ.

ಕುಡಿಯೋಕೆ ಮಾತ್ರ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಬಳಸಬೇಡಿ. ಕಲ್ನಾರು ಶೀಟಿನ ನೀರು ಕುಡಿಯೋದು ಬೇಡ. ಕೈಗಾರಿಕಾ ಪ್ರದೇಶದ ಹತ್ತಿರ ಇರೋರು ಬೋರ್ ನೀರನ್ನೂ ಪರೀಕ್ಷೆಗೆ ಕೊಡಿ. ಪೀಣ್ಯ ಸುತ್ತಿನ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಸೇರಿರೋದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅದು ಕುದಿಸಿದರೆ ಹೋಗಲ್ಲ.

ಇದನ್ನು ಮಾತ್ರ ನೀವೇ ಮಾಡಬೇಡಿ

ಮಳೆನೀರನ್ನು ನೇರ ಬೋರ್ ಕೇಸಿಂಗ್ ಒಳಗೆ ಸುರಿಯೋ ವಿಡಿಯೋಗಳು ಫೋನಲ್ಲಿ ಬೇಕಾದಷ್ಟು ಬರುತ್ತವೆ. ಅದನ್ನು ನೋಡಿ ಕೈ ಹಾಕಬೇಡಿ. ಅಂಗಳದ ನೀರು, ಕೊಟ್ಟಿಗೆ ನೀರು, ರಸ್ತೆ ನೀರು ಸೋಸದೆ ಒಳಗೆ ಹೋದರೆ ನಿಮ್ಮ ಬೋರ್ ಜೊತೆ ಸುತ್ತಲಿನವರ ಬೋರ್ ಕೂಡ ಕೆಡುತ್ತೆ. ಕೆಟ್ಟ ಅಂತರ್ಜಲವನ್ನು ವಾಪಸ್ ಸರಿಮಾಡೋಕೆ ನಮ್ಮ ಕೈಲಿ ಆಗಲ್ಲ. ಬೋರ್ ಮರುಪೂರಣಕ್ಕೆ ತಿಳಿದವರನ್ನು ಕರೆಸಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಬೇರೆ ಬೇರೆ ಮಾದರಿಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಯಾವಾಗ?

ಭರಣಿ ಮಳೆ ಶುರುವಾಗೋಕೆ ಮುಂಚೆ, ಅಂದ್ರೆ ಏಪ್ರಿಲ್ ಮೂರನೇ ವಾರದೊಳಗೆ ಮುಗಿಸಿ. ನಮ್ಮ ಕಡೆ ಮೇ ತಿಂಗಳಲ್ಲೇ ಒಳ್ಳೆ ಮಳೆ ಬರುತ್ತೆ, ಆಮೇಲೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ದೋಣಿಯ ಎಲೆ ತೆಗೆಯಿರಿ, ವರ್ಷಕ್ಕೊಮ್ಮೆ ಫಿಲ್ಟರಿನ ಮರಳು, ಜಲ್ಲಿ ಹೊರತೆಗೆದು ತೊಳೆಯಿರಿ, ಇದ್ದಿಲು ಬದಲಿಸಿ. ಈ ವಾರ ಟೇಪು ಹಿಡಿದು ಛಾವಣಿಯ ಉದ್ದ, ಅಗಲ, ಸೂರಿನ ಎತ್ತರ ಅಳೆದು ಫೋನಲ್ಲಿ ಬರೆದಿಟ್ಟುಕೊಳ್ಳಿ. ಹಾರ್ಡ್‌ವೇರ್ ಅಂಗಡಿಗೆ ಆ ಲೆಕ್ಕ ಹಿಡಿದುಕೊಂಡೇ ಹೋಗಿ.