ಮೀನಿನ ತೊಟ್ಟಿಯಲ್ಲಿ ಹಸುರು ಗಿಡ ಮತ್ತು ಪಾಚಿ

ಮುಂಬಯಿಯಂತಹ ಮಹಾನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಅಂಗಳವಿಲ್ಲ, ಹಿತ್ತಿಲಿಲ್ಲ, ಬಾವಿಕಟ್ಟೆಯಂತೂ ಇಲ್ಲವೇ ಇಲ್ಲ. ಹಸುರಿನ ಆಸೆಯನ್ನು ಬಾಲ್ಕನಿಯ ಒಂದು ತುಳಸಿಯಲ್ಲಿ ತೀರಿಸಿಕೊಳ್ಳುವವರು ಕೆಲವರಾದರೆ, ಗಾಜಿನ ತೊಟ್ಟಿಯಲ್ಲಿ ನಾಲ್ಕಾರು ಮೀನುಗಳನ್ನೂ ನೀರುಗಿಡಗಳನ್ನೂ ಸಾಕುವವರು ಇನ್ನು ಕೆಲವರು. ಆದರೆ ತೊಟ್ಟಿ ಕೊಂಡು ತಿಂಗಳು ತುಂಬುವುದರೊಳಗೆ ಗಾಜಿನ ಮೇಲೆಲ್ಲ ಪಾಚಿ ಹಬ್ಬಿ, ಗಿಡಗಳು ಕೊಳೆತು, ಕೊನೆಗೆ ತೊಟ್ಟಿ ಅಟ್ಟ ಸೇರುವುದೇ ಹೆಚ್ಚು. ಹೀಗೇಕೆ ಆಗುತ್ತದೆ, ಇದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ಸಸ್ಯಶಾಸ್ತ್ರಜ್ಞನಲ್ಲ, ಫೋರ್ಟ್‌ನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವ ವಾಣಿಜ್ಯ ಪದವೀಧರ. ಪೆಟ್ಟು ತಿಂದು ಕಲಿತ ಪಾಠವಾದುದರಿಂದ ಹೇಳುವ ಧೈರ್ಯ ಮಾಡಿದ್ದೇನೆ.

ನನ್ನ ತಪ್ಪಿನ ಕಥೆ

ಕೆಲವು ವರ್ಷಗಳ ಹಿಂದೆ ತಾಯಿಯವರು ತೀರಿಕೊಂಡ ಬಳಿಕ ತಂದೆಯವರನ್ನು ಉಡುಪಿಯ ಸಮೀಪದ ಹಳ್ಳಿಯಿಂದ ಬೋರಿವಲಿಯ ನಮ್ಮ ಮನೆಗೆ ಕರೆತಂದೆವು. ಆಯುಷ್ಯವಿಡೀ ಗದ್ದೆ, ತೋಟ, ತೋಡಿನ ನೀರು ಎಂದು ಬಾಳಿದ ಜೀವಕ್ಕೆ ಇಲ್ಲಿ ಕಣ್ಣೆದುರಿಗೆ ಕಾಣುವುದು ಎದುರು ಕಟ್ಟಡದ ಗೋಡೆ ಮಾತ್ರ. ನಾವೆಲ್ಲ ಕೆಲಸಕ್ಕೂ ಶಾಲೆಗೂ ಹೊರಟರೆ ಸಂಜೆಯವರೆಗೆ ಅವರೊಬ್ಬರೇ. ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು.

ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಬ್ಯಾಂಕಿನಿಂದ ನಡೆದುಕೊಂಡೇ ಕ್ರಾಫರ್ಡ್ ಮಾರ್ಕೆಟಿನ ಕಡೆಗೆ ಹೋದೆ. 1869ರಲ್ಲಿ ಕಟ್ಟಿ ಮುಗಿದ, ಇಂದು ಮಹಾತ್ಮಾ ಜ್ಯೋತಿಬಾ ಫುಲೆಯವರ ಹೆಸರನ್ನು ಹೊತ್ತಿರುವ ಆ ಮಂಡಿಯ ಆಸುಪಾಸಿನಲ್ಲಿ ಎರಡಡಿ ಉದ್ದದ ತೊಟ್ಟಿ, ಒಂಬತ್ತು ಮೀನು, ನಾಲ್ಕು ಎಸಳು ಗಿಡಗಳನ್ನು ಕೊಂಡು ತಂದೆ. ತಂದೆಯವರು ಕುರ್ಚಿಯನ್ನು ತೊಟ್ಟಿಯ ಎದುರಿಗೆ ಎಳೆದುಕೊಂಡರು. ಮೀನುಗಳಿಗೆ ಹೆಸರಿಟ್ಟರು.

ಮೂರನೆಯ ವಾರಕ್ಕೆ ಗಾಜು ಹಸುರಾಯಿತು, ಎಲೆಗಳ ಮೇಲೆ ಎಳೆಎಳೆಯಾಗಿ ಪಾಚಿ ಜೋತುಬಿದ್ದಿತು. ನಾನು ಪಾಚಿ ಕೊಲ್ಲುವ ಔಷಧಿಯ ಸೀಸೆಯನ್ನು ತಂದು, ಬೇಗ ಗುಣವಾಗಲೆಂದು ಹೇಳಿದ್ದಕ್ಕಿಂತ ಇಮ್ಮಡಿ ಸುರಿದೆ. ಮರುದಿನ ಬೆಳಿಗ್ಗೆ ನೋಡಿದರೆ ಏಳು ಮೀನುಗಳು ನೀರಿನ ಮೇಲೆ ತೇಲುತ್ತಿದ್ದವು. ತಂದೆಯವರು ಅದಾಗಲೇ ಎದ್ದು ಕುರ್ಚಿಯಲ್ಲಿ ಕುಳಿತಿದ್ದರು. ಬೈಯಲಿಲ್ಲ. "ಗದ್ದೆಯಲ್ಲಿ ಪೈರು ತೆಳುವಾದ ಕಡೆ ಕಳೆ ಹುಟ್ಟುತ್ತದೆ. ಪೈರು ದಟ್ಟವಾಗಿದ್ದರೆ ಕಳೆಗೆ ಜಾಗವೆಲ್ಲಿ? ನೀನು ಪೈರನ್ನೇ ಹಾಕಲಿಲ್ಲವಲ್ಲ, ಮಗಾ" ಎಂದರು. ಆಮೇಲೆ ನಾನು ಓದಿದ ಪುಸ್ತಕಗಳೆಲ್ಲ ಹೇಳಿದ್ದು ಈ ಮಾತನ್ನೇ.

ಪಾಚಿ ಹುಟ್ಟುವುದೇಕೆ?

ಪಾಚಿಗೂ ಗಿಡಕ್ಕೂ ಬೇಕಾದ ವಸ್ತುಗಳು ಒಂದೇ: ಬೆಳಕು, ಇಂಗಾಲದ ಡೈ ಆಕ್ಸೈಡ್, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಮೊದಲಾದ ಲವಣಗಳು. ಮೀನು ತಿಂದು ಬಿಟ್ಟ ಆಹಾರ, ಅದರ ಮಲ, ಕೊಳೆತ ಎಲೆ ಇವೆಲ್ಲವೂ ನೀರಿನಲ್ಲಿ ಗೊಬ್ಬರವಾಗಿ ಜಮೆಯಾಗುತ್ತವೆ. ಗಿಡಗಳು ಸೊಂಪಾಗಿ ಬೆಳೆಯುತ್ತಿದ್ದರೆ ಆ ಜಮೆ ಖರ್ಚಾಗುತ್ತದೆ. ಗಿಡಗಳು ವಿರಳವಾಗಿದ್ದರೆ ಅಥವಾ ಸೊರಗಿದ್ದರೆ ಶಿಲ್ಕು ಉಳಿಯುತ್ತದೆ. ಅದರ ಮೇಲೆ ಬೆಳಕೂ ಹೆಚ್ಚಾಗಿ ಬಿದ್ದರೆ ಪಾಚಿ ಅದನ್ನು ಬಳಸಿಕೊಳ್ಳುತ್ತದೆ. ಪಾಚಿ ನಮ್ಮ ಶತ್ರುವಲ್ಲ. ಲೆಕ್ಕ ತಾಳೆಯಾಗಿಲ್ಲವೆಂದು ತೋರಿಸುವ ಗುರುತು.

ಔಷಧಿ ಹಾಕಿದಾಗ ಮೀನುಗಳೇಕೆ ಸತ್ತವು? ಸತ್ತ ಪಾಚಿ ರಾತ್ರಿಯಿಡೀ ಕೊಳೆಯಿತು. ಕೊಳೆಯಿಸುವ ಸೂಕ್ಷ್ಮಾಣುಗಳು ನೀರಿನಲ್ಲಿ ಕರಗಿದ್ದ ಆಮ್ಲಜನಕವನ್ನು ಹೀರಿದವು. ಕತ್ತಲಲ್ಲಿ ಗಿಡಗಳು ಆಮ್ಲಜನಕವನ್ನು ಕೊಡುವುದಿಲ್ಲ, ಅವೂ ಅದನ್ನೇ ಉಸಿರಾಡುತ್ತವೆ. ಮುಂಜಾವದ ಹೊತ್ತಿಗೆ ಮೀನುಗಳ ಪಾಲಿಗೆ ಏನೂ ಉಳಿಯಲಿಲ್ಲ. ಇಮ್ಮಡಿ ಔಷಧಿಯೂ ತನ್ನ ಪಾಲಿನ ಕೇಡು ಮಾಡಿರಲು ಸಾಕು. ಇಂತಹ ಔಷಧಿಗಳಲ್ಲಿ ತಾಮ್ರವಿದ್ದರೆ ಬಸವನಹುಳು, ಸೀಗಡಿಗಳಿಗೂ ಅದು ವಿಷವೇ.

ಸಸ್ಯ-ಪ್ರಾಣಿಗಳ ಈ ಕೊಡುಕೊಳೆ ಹೊಸ ಸಂಗತಿಯಲ್ಲ. ಬೆಳಕಿದ್ದಾಗ ಮಾತ್ರ ಹಸುರೆಲೆಗಳು ಆಮ್ಲಜನಕವನ್ನು ಬಿಡುತ್ತವೆ ಎಂದು ಡಚ್ ವೈದ್ಯ ಯಾನ್ ಇಂಗನ್‌ಹೌಸ್ 1779ರಲ್ಲಿಯೇ ಪ್ರಕಟಿಸಿದನು. 1850ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟು ನೋಡಿದನು. ಕೆಲಕಾಲದ ಮೇಲೆ ಕೊಳೆತ ಎಲೆಗಳಿಂದ ನೀರು ಕದಡಿ ಗಾಜಿನ ಮೇಲೆ ಹಸುರು ಲೋಳೆ ಹಬ್ಬಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಯಾಗಿಸಿದವು. ಇಂದಿನ ಅಕ್ವೇರಿಯಂ ಕಲೆಯ ಅಡಿಗಲ್ಲು ಇದೇ. ನಮ್ಮ ನಗರದ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯವನ್ನು ಚಿಕ್ಕಂದಿನಲ್ಲಿ ನೋಡಿದವರು ಅನೇಕರಿದ್ದಾರೆ. ಅಷ್ಟು ದೊಡ್ಡದಕ್ಕೂ ಮನೆಯ ಪುಟ್ಟ ತೊಟ್ಟಿಗೂ ನಿಯಮ ಒಂದೇ.

ಮೊದಲು ಪೈರು ಹಾಕಿರಿ

ಮೊದಲ ದಿನವೇ ತೊಟ್ಟಿಯ ತಳದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಗಿಡಗಳಿಂದ ತುಂಬಿಸುವುದು ಉತ್ತಮ. ಆರಂಭಕ್ಕೆ ಬೇಗ ಬೆಳೆಯುವ ಜಾತಿಗಳೇ ಬೇಕು: ಶಾಲೆಯ ಪ್ರಯೋಗಾಲಯದಲ್ಲಿ ಗುಳ್ಳೆ ಬಿಡುವುದನ್ನು ನಾವೆಲ್ಲ ನೋಡಿದ ಹೈಡ್ರಿಲ್ಲ, ರಿಬ್ಬನ್ನಿನಂತಹ ಎಲೆಯ ವ್ಯಾಲಿಸ್ನೇರಿಯ, ಹೈಗ್ರೊಫಿಲ, ಸೆರಟೊಫಿಲಂ. ನಮ್ಮ ನೀರುಬ್ರಾಹ್ಮಿಯೂ ತೊಟ್ಟಿಯಲ್ಲಿ ಬೆಳೆಯುತ್ತದೆ. ಇವೆಲ್ಲ ನಮ್ಮ ದೇಶದ ಕೆರೆಕಟ್ಟೆಗಳಲ್ಲಿ ಸಿಗುವ ಗಿಡಗಳೇ. ಜಾವಾ ಜರಿಗಿಡ, ಆಫ್ರಿಕದ ಅನೂಬಿಯಾಸ್ ಮುಂತಾದವು ಬಹಳ ನಿಧಾನವಾಗಿ ಬೆಳೆಯುವುದರಿಂದ ಅವುಗಳ ಹಳೆಯ ಎಲೆಯ ಮೇಲೆ ಪಾಚಿ ಸುಲಭವಾಗಿ ಕೂರುತ್ತದೆ, ಅವನ್ನು ನೆರಳಿನಲ್ಲಿಡಬೇಕು. ಅವುಗಳ ಗಡ್ಡೆಯಂತಹ ದಪ್ಪ ಕಾಂಡವನ್ನು ಮರಳಿನಲ್ಲಿ ಹೂಳಬಾರದು, ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿದರೆ ಸಾಕು.

ಕ್ರಿಪ್ಟೊಕೊರೈನ್ ಎಂಬ ಇನ್ನೊಂದು ಗಿಡವಿದೆ. ಅದರ ಸ್ಪೈರಾಲಿಸ್ ಎಂಬ ಜಾತಿ ನಮ್ಮ ಪಶ್ಚಿಮ ಕರಾವಳಿಯ ತೋಡು, ಗದ್ದೆಗಳ ಬದಿಯದು. ಅದನ್ನು ಕಂಡೊಡನೆ ತಂದೆಯವರು "ಇದು ನಮ್ಮ ತೋಡಿನ ಗಿಡವಲ್ಲವೇ!" ಎಂದು ಹಿಗ್ಗಿದರು. ಆದರೆ ನೆಟ್ಟ ವಾರದೊಳಗೆ ಎಲೆಗಳೆಲ್ಲ ಕರಗಿ ಹೋದವು. ಸತ್ತಿತೆಂದು ನಾನು ಕೀಳಹೊರಟಾಗ ಅವರು ತಡೆದರು. ತಡೆದದ್ದು ಸರಿಯಾಗಿತ್ತು. ನೀರು ಬದಲಾದಾಗ ಈ ಜಾತಿಯ ಗಿಡಗಳು ಹಳೆಯ ಎಲೆಗಳನ್ನು ಬಿಟ್ಟುಬಿಡುವುದು ವಾಡಿಕೆ. ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಹೊಸ ನೀರಿಗೆ ಹೊಂದುವ ಎಲೆಗಳನ್ನು ಚಿಗುರಿಸುತ್ತವೆ. ಕರಗಿದ ಎಲೆಗಳನ್ನು ಮಾತ್ರ ತೆಗೆಯಬೇಕು, ಬೇರನ್ನು ಅಲುಗಿಸಬಾರದು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಕು, ಆಹಾರ, ನೀರು

ಬೆಳಕು: ತೊಟ್ಟಿಯನ್ನು ಕಿಟಕಿಯ ನೇರ ಬಿಸಿಲಿಗೆ ಇಡಬಾರದು. ಎಲ್‌ಇಡಿ ದೀಪವನ್ನು ಮೊದಲ ತಿಂಗಳು ದಿನಕ್ಕೆ 6 ಗಂಟೆ, ಗಿಡಗಳು ಬೇರೂರಿದ ಮೇಲೆ ಹೆಚ್ಚೆಂದರೆ 8 ಗಂಟೆ ಉರಿಸಬೇಕು. ಮನೆಯವರು ಎಚ್ಚರವಿರುವಷ್ಟು ಹೊತ್ತೂ ದೀಪ ಉರಿಸುವುದೇ ನಮ್ಮಲ್ಲಿಯ ದೊಡ್ಡ ತಪ್ಪು. ಸಮಯಕ್ಕೆ ತಾನೇ ಆರುವ ಟೈಮರ್ ಸ್ವಿಚ್ ಇದ್ದರೆ ಮರೆವಿನ ಭಯವಿಲ್ಲ.

ಆಹಾರ: ಮೀನುಗಳು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಪ್ರೀತಿಯಿಂದ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಚಿಟಿಕೆ ಹಾಕಿದರೆ ಅದು ಪಾಚಿಗೆ ಹಾಕಿದಂತೆಯೇ. ನಮ್ಮ ಮನೆಯಲ್ಲಿ ಈ ಅಧಿಕಾರ ತಂದೆಯವರೊಬ್ಬರದೇ.

ನೀರು: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹಿಡಿಯುವುದು ಸುಮಾರು 56 ಲೀಟರ್, ಮರಳು, ಕಲ್ಲು ಕಳೆದು 45 ಲೀಟರ್ ಎನ್ನೋಣ. ವಾರಕ್ಕೊಮ್ಮೆ ಅದರ ಕಾಲು ಭಾಗವನ್ನು, ಅಂದರೆ ಒಂದು ಬಕೆಟ್ಟಿನಷ್ಟನ್ನು, ಬದಲಾಯಿಸಬೇಕು. ತೆಗೆದ ನೀರು ತುಳಸಿಗೆ ಒಳ್ಳೆಯ ಗೊಬ್ಬರ. ತಾನ್ಸಾ, ವೈತರಣಾ, ಭಾತ್ಸಾಗಳಿಂದ ನಮಗೆ ಬರುವ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಗೊಬ್ಬರ: ಪಾಚಿ ಬಂತೆಂದು ಗಿಡಗಳ ಗೊಬ್ಬರವನ್ನು ಪೂರ್ತಿ ನಿಲ್ಲಿಸುವವರಿದ್ದಾರೆ. ಇದು ತಪ್ಪು. ಯಾವ ಒಂದು ಪೋಷಕಾಂಶ ಅತಿ ಕಡಿಮೆಯೋ ಅದೇ ಬೆಳವಣಿಗೆಗೆ ಮಿತಿ ಹಾಕುತ್ತದೆ ಎಂಬುದು ಕೃಷಿರಸಾಯನದ ಹಳೆಯ ನಿಯಮ. ಕಬ್ಬಿಣವೊಂದೇ ಸಾಲದೆ ಗಿಡ ನಿಂತುಹೋದರೆ ಉಳಿದೆಲ್ಲ ಪೋಷಕಾಂಶ ಪಾಚಿಯ ಪಾಲಾಗುತ್ತದೆ. ಹೊಸ ಎಲೆ ಬಿಳಿಚಿಕೊಂಡರೆ ಕಬ್ಬಿಣದ ಕೊರತೆಯನ್ನೂ, ಹಳೆಯ ಎಲೆಗಳಲ್ಲಿ ತೂತು ಬಿದ್ದರೆ ಪೊಟ್ಯಾಸಿಯಂ ಕೊರತೆಯನ್ನೂ ಶಂಕಿಸಬಹುದು. ಇಂಗಾಲದ ಡೈ ಆಕ್ಸೈಡಿನ ಸಿಲಿಂಡರು ಮೇಲೆ ಹೇಳಿದ ಸಾಮಾನ್ಯ ಗಿಡಗಳಿಗೆ ಅಗತ್ಯವಿಲ್ಲ. ಅಳತೆ ತಪ್ಪಿದರೆ ಮೀನುಗಳಿಗೆ ಉಸಿರುಕಟ್ಟುತ್ತದೆ.

ಪಾಚಿಯ ಬಗೆಗಳು

ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಧೂಳಿನಂತಹ ಪಾಚಿಗೆ ಹೆದರಬೇಕಾಗಿಲ್ಲ. ಒರೆಸುತ್ತಿದ್ದರೆ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಗಾಜಿನ ಮೇಲಿನ ಗಟ್ಟಿ ಹಸುರು ಚುಕ್ಕೆಗಳನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಕೆರೆಯಬಹುದು. ಕೂದಲಿನಂತಹ ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು ತೆಗೆಯಬೇಕು. ನೀರೇ ಹಸುರಾದರೆ ದೀಪ ಆರಿಸಿ, ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ, ಗಾಳಿಯ ಪಂಪು ಓಡುತ್ತಿರುವಂತೆಯೇ ಮೂರು ನಾಲ್ಕು ದಿನ ಕತ್ತಲಲ್ಲಿಟ್ಟು, ಬಳಿಕ ನೀರು ಬದಲಾಯಿಸಬೇಕು. ಹಾಳೆಯಂತೆ ಹಬ್ಬಿ ಕೆಟ್ಟ ವಾಸನೆ ಬೀರುವ ನೀಲಿ-ಹಸುರು ಲೋಳೆ ನಿಜವಾಗಿ ಪಾಚಿಯಲ್ಲ, ಬ್ಯಾಕ್ಟೀರಿಯ. ಕೊಳವೆಯಿಂದ ಹೀರಿ ತೆಗೆದು ಹೀಗೆಯೇ ಕತ್ತಲಿನ ಚಿಕಿತ್ಸೆ ಮಾಡಬೇಕು. ಎಲೆಯಂಚಿನ ಕಪ್ಪು ಕುಚ್ಚುಗಳು ಒರೆಸಿದರೆ ಹೋಗುವುದಿಲ್ಲ. ಆ ಹಳೆಯ ಎಲೆಯನ್ನೇ ಕತ್ತರಿಸುವುದು ಮೇಲು.

ಆರೋಗ್ಯದ ಎಚ್ಚರಿಕೆಗಳು

ಕ್ಲೋರಿನ್ ಹೋಗಲೆಂದು ಇಟ್ಟ ಬಕೆಟ್ಟನ್ನು ಮರೆತು ವಾರಗಟ್ಟಲೆ ಬಿಟ್ಟರೆ ಅದು ಡೆಂಗೆ, ಮಲೇರಿಯಾ ಸೊಳ್ಳೆಗಳ ತೊಟ್ಟಿಲಾಗುತ್ತದೆ. ಈ ನಗರದ ಮಲೇರಿಯಾಕ್ಕೆ ಬಾವಿಗಳಲ್ಲಿ ಹುಟ್ಟುವ ಸೊಳ್ಳೆಗಳೇ ಮುಖ್ಯ ಕಾರಣವೆಂದು ಡಾಕ್ಟರ್ ಬೆಂಟ್ಲಿಯವರು 1911ರ ವರದಿಯಲ್ಲಿ ತೋರಿಸಿದ್ದರು. ಆ ಬಳಿಕ ಎಷ್ಟೋ ಬಾವಿಗಳು ಮುಚ್ಚಿಹೋದವು. ನಾನು ಚರ್ಚ್‌ಗೇಟಿನಿಂದ ಬ್ಯಾಂಕಿಗೆ ಬರುವಾಗ ಕಾಣುವ, 1725ರಲ್ಲಿ ತೋಡಿದ ಪಾರಸಿಗಳ ಭೀಖಾ ಬೆಹ್ರಾಂ ಬಾವಿ ಉಳಿದುಕೊಂಡ ಕೆಲವುಗಳಲ್ಲೊಂದು. ಮೀನಿರುವ ತೊಟ್ಟಿಯಲ್ಲಿ ಮರಿಸೊಳ್ಳೆ ಉಳಿಯುವುದಿಲ್ಲ. ಅಪಾಯವಿರುವುದು ಮೀನಿಲ್ಲದ ಬಕೆಟ್ಟಿನಲ್ಲಿ.

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯೊಳಗೆ ಕೈ ಹಾಕಬಾರದು. ಅಲ್ಲಿರುವ ಒಂದು ಬಗೆಯ ರೋಗಾಣು ಚರ್ಮದಲ್ಲಿ ತಿಂಗಳುಗಟ್ಟಲೆ ಮಾಯದ ಗಂಟುಗಳನ್ನು ಉಂಟುಮಾಡಬಲ್ಲುದು. ಕೊಳವೆಯನ್ನು ಬಾಯಿಂದ ಹೀರಬಾರದು. ನೀರಿಗೆ ಕೈಯಿಡುವ ಮುನ್ನ ವಿದ್ಯುತ್ ಪ್ಲಗ್ಗುಗಳನ್ನು ಕಡ್ಡಾಯವಾಗಿ ತೆಗೆಯಬೇಕು. ಹೆಚ್ಚಾದ ಗಿಡ, ಮೀನುಗಳನ್ನು ಪವಾಯಿ ಕೆರೆಯಂತಹ ನೀರಿಗೆ ಎಸೆಯಲೇಬಾರದು. ಅಂದಕ್ಕೆಂದು ತಂದ ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ನಮ್ಮ ದೇಶದ ಕೆರೆಗಳನ್ನು ಉಸಿರುಗಟ್ಟಿಸಿರುವುದನ್ನು ಎಲ್ಲರೂ ಬಲ್ಲರು.

ಕೊನೆಯ ಮಾತು

ಈಗ ನಮ್ಮ ತೊಟ್ಟಿಯಲ್ಲಿ ಪಾಚಿ ಇಲ್ಲವೆಂದಲ್ಲ. ಹಿಂಭಾಗದ ಗಾಜಿನ ಮೇಲೆ ಒಂದಿಷ್ಟು ಇದೆ, ಬಸವನಹುಳುಗಳು ಅದನ್ನೇ ಮೇಯುತ್ತವೆ. ಔಷಧಿಯ ಸೀಸೆ ಮತ್ತೆ ಮನೆಗೆ ಬಂದಿಲ್ಲ. ಅಂದು ಬದುಕುಳಿದ ಎರಡು ಮೀನುಗಳಲ್ಲಿ ಒಂದು ಇನ್ನೂ ಇದೆ. ಸಂಜೆ ನಾನು ಲೋಕಲ್ ಗಾಡಿಯಿಂದಿಳಿದು ಮನೆ ಸೇರಿದೊಡನೆ, ಇಂದು ಯಾವ ಗಿಡ ಚಿಗುರಿತು, ಯಾವ ಎಲೆಯನ್ನು ಕತ್ತರಿಸಿದೆ ಎಂದು ತಂದೆಯವರು ವರದಿ ಒಪ್ಪಿಸುತ್ತಾರೆ. ಅದನ್ನು ಕೇಳುತ್ತ ನಾವಿಬ್ಬರೂ ಒಟ್ಟಿಗೆ ಕುಳಿತು ಊಟ ಮಾಡುತ್ತೇವೆ. ಮನೆಯಲ್ಲಿ ಹಿರಿಯರಿರುವ ಬಂಧುಗಳು ಒಂದು ತೊಟ್ಟಿಯನ್ನು ಇಟ್ಟು ನೋಡಬೇಕೆಂದು ವಿನಂತಿ. ಆದರೆ ಮೀನಿಗಿಂತ ಮೊದಲು ಗಿಡಗಳನ್ನು ತನ್ನಿರಿ.