ಧೂಪದ ಮರದಿಂದ ಸಸಿಹಿತ್ಲಿನ ಅಲೆಗೆ

ಕುದುರೆಮುಖದಿಂದ ಮಾಳ ಘಾಟಿ ಇಳಿಯುವಾಗ ಒಂದು ಧೂಪದ ಮರದ ಬಳಿ ನಿಂತೆ. ತೊಗಟೆ ಸೀಳಿದ ಕಡೆ ರಾಳ ಒಸರಿ ಗಾಯದ ಬಾಯಿ ಮುಚ್ಚಿತ್ತು. ಇಂಥ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮರದ ದೋಣಿಗಳ ಸಂದಿಗೆ ಬಳಿಯುವುದು ಹಳೆಯ ಪದ್ಧತಿ.

ಕಾರ್ಕಳ ದಾಟಿ ಕಡಲಿಗೆ ಬಂದರೆ ಮೂಲ್ಕಿ. 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಊರು. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಸಸಿಹಿತ್ಲಿನ ಹತ್ತಿರ, ಸರ್ಫ್‌ಬೋರ್ಡ್ ರಿಪೇರಿ ಮಾಡುವ ಶೆಡ್ಡಿಗೆ ಹೋದೆ. ಮೂಗು ಒಡೆದ ಬೋರ್ಡೊಂದು ಸ್ಟ್ಯಾಂಡಿನ ಮೇಲಿತ್ತು.

"ಒಳಗಿನ ಫೋಮ್ ಯಾವುದು ಅಂತ ಗೊತ್ತಾಗದೆ ರೆಸಿನ್ ಡಬ್ಬ ತೆಗೀಲಿಕ್ಕಿಲ್ಲ ಸರ್" ಎಂದರು ರಿಪೇರಿಯವರು. ಥರ್ಮಾಕೋಲ್ ಚೂರಿನ ಮೇಲೆ ಪಾಲಿಯೆಸ್ಟರ್ ರೆಸಿನ್ ಒಂದು ಹನಿ ಬಿಟ್ಟರು. ನೋಡನೋಡುತ್ತ ಅಲ್ಲಿ ಗುಳಿ ಬಿತ್ತು.

ಕಾರಣ ಸರಳ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ದ್ರವ ಇರುತ್ತದೆ. ಥರ್ಮಾಕೋಲ್ ಆಗಿರುವುದೂ ಅದೇ ಸ್ಟೈರೀನ್ ಅಣುಗಳ ಸರಪಳಿಯಿಂದ. ದ್ರವ ತಾಗಿದೊಡನೆ ಸರಪಳಿಗಳು ಬಿಡಿಬಿಡಿಯಾಗಿ ಕರಗುತ್ತವೆ. ಬೋರ್ಡಿನೊಳಗೆ ಇರಬಹುದಾದ ಇನ್ನೊಂದು ಫೋಮ್ ಪಾಲಿಯುರೆಥೇನ್; ಅದರ ಅಣುಗಳು ಬಲೆಯಂತೆ ಹೆಣೆದುಕೊಂಡಿರುವುದರಿಂದ ಕರಗುವುದಿಲ್ಲ. ಎಪಾಕ್ಸಿ ಎಂಬ ಇನ್ನೊಂದು ರೆಸಿನ್ನಿನಲ್ಲಿ ಸ್ಟೈರೀನ್ ಇಲ್ಲ, ಅದು ಎರಡೂ ಫೋಮಿಗೆ ಒಗ್ಗುತ್ತದೆ. ಆದರೆ ಅದರ ಲೆಕ್ಕ ಬಿಗಿ: ಗಟ್ಟಿಗೊಳಿಸುವ ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಅರೆಬೆಂದಂತೆ ಉಳಿಯುತ್ತದೆ. ಘಾಟಿಯಲ್ಲಿ ಕಂಡ ಧೂಪದ ರಾಳವಾದರೆ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಪಾಲಿಯೆಸ್ಟರ್, ಎಪಾಕ್ಸಿ ಎರಡೂ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿ ನೀರಾಗುವುದಿಲ್ಲ. ತಪ್ಪಿದರೆ ಉಜ್ಜಿ ತೆಗೆಯಬೇಕು.

ಥರ್ಮಾಕೋಲ್–ಎಪಾಕ್ಸಿ ಜೋಡಿಗೆ ಬೇಡಿಕೆ ಏರಲು ಒಂದು ಘಟನೆ ಕಾರಣ. 2005ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಲಾರ್ಕ್ ಫೋಮ್ ಕಂಪನಿ ಏಕಾಏಕಿ ಬಾಗಿಲು ಹಾಕಿತು. ಅಮೆರಿಕದ ಬೋರ್ಡುಗಳ ಪಾಲಿಯುರೆಥೇನ್ ಒಡಲು ಬಹುಪಾಲು ಅಲ್ಲಿಂದಲೇ ಬರುತ್ತಿತ್ತು.

ಮೂಗು ಒಡೆದ ಬೋರ್ಡು ಥರ್ಮಾಕೋಲಿನದು. ಬಾಯಿ ಕೆಳಗೆ ಮಾಡಿ ನಿಲ್ಲಿಸಿದಾಗ ಉಪ್ಪುನೀರು ತೊಟ್ಟಿಕ್ಕಿತು. ಕಾಳುಗಳ ನಡುವಿನ ಸಂದಿಯಲ್ಲಿ ಇಳಿದಿತ್ತು. ಹಾಗೇ ಮುಚ್ಚಿದರೆ ಭಾರ ಒಳಗೇ ಉಳಿಯುತ್ತದೆ, ಬಿಸಿಲಿಗೆ ಮೇಲಿನ ಪದರ ಉಬ್ಬಿ ಏಳುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ತೇವದ ಗಾಳಿಗೆ ಎಪಾಕ್ಸಿಯ ಮೇಲೆ ಜಿಗುಟು ಪೊರೆ ಕಟ್ಟುತ್ತದೆ. ತೊಳೆದು, ಉಜ್ಜಿ, ಆಮೇಲೆಯೇ ಮುಂದಿನ ಪದರ.

"ಇವತ್ತು ಹಚ್ಚುವುದಿಲ್ವಾ?" ಎಂದೆ.

"ಒಳಗೆ ಒಣಗಲಿ ಸರ್" ಎಂದು ಅವರು ಬೋರ್ಡನ್ನು ಗಾಳಿ ಬೀಸುವ ಬಾಗಿಲಿಗೆ ಒರಗಿಸಿದರು. ಕೆಳಗಿನ ಸಿಮೆಂಟಿನ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು.