ಮನೆಗೆ ಯಾವ ಕಂಪ್ಯೂಟರ್?

ಕೆಂಗೇರಿ ಆಚೆ ನಮ್ಮದು ಎರಡು ಎಕರೆ ತೋಟ. ಲೆಕ್ಕ ಬರೆಯಲು, ಮಗಳ ಓದಿಗೆ, 2000ದಲ್ಲಿ ಬಂದ 'ಭೂಮಿ'ಯ ಪಹಣಿ ಮನೆಯಲ್ಲೇ ನೋಡಲು ಆಲ್-ಇನ್-ಒನ್ ಕೊಂಡೆ. ಪರದೆಯ ಬೆನ್ನಲ್ಲೇ ಎಲ್ಲ ಭಾಗ, ವೈರಿನ ಗೋಜಲಿಲ್ಲ. ಒಂದು ರಾತ್ರಿ ಗುಡುಗು-ಮಿಂಚಿಗೆ ಒಳಗಿನ ಬೋರ್ಡ್ ಸುಟ್ಟುಹೋಯ್ತು. ಪರದೆ ಚೆನ್ನಾಗೇ ಇತ್ತು, ಉಪಯೋಗಕ್ಕೆ ಬರಲಿಲ್ಲ. ಮೂರು ವರ್ಷದ ತೋಟದ ಲೆಕ್ಕವೂ ಹೋಯ್ತು.

ಆಮೇಲೆ ವಿಜಯನಗರ, ರಾಜಾಜಿನಗರದ ಅಂಗಡಿ ಸುತ್ತಿ ತಿಳಿದುಕೊಂಡದ್ದು ಇಷ್ಟು:

ಡೆಸ್ಕ್‌ಟಾಪ್‌ನಲ್ಲಿ ಪ್ರತಿ ಭಾಗವೂ ಬೇರೆ. ಕೆಟ್ಟದ್ದನ್ನಷ್ಟೇ ಬದಲಿಸಬಹುದು, ಬಿಡಿಭಾಗ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ಕರೆಂಟ್ ಹೋದ ಕೂಡಲೇ ಆರಿಹೋಗುತ್ತದೆ. ಯುಪಿಎಸ್ ಬೇಕೇ ಬೇಕು, ಅದರ ಖರ್ಚನ್ನೂ ಸೇರಿಸಿಯೇ ಬೆಲೆ ಹೋಲಿಸಿ.

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕರೆಂಟೂ ಕಡಿಮೆ ಸಾಕು. ಆದರೆ ಕೆಲವು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ, ರಿಪೇರಿಯೂ ದುಬಾರಿ.

ಮಗಳು ಕಾಲೇಜಿಗೆ ಒಯ್ಯಬೇಕು, ನಮ್ಮಲ್ಲಿ ಕರೆಂಟ್ ಆಗಾಗ ಕೈಕೊಡುತ್ತೆ. ಹಾಗಾಗಿ ಲ್ಯಾಪ್‌ಟಾಪ್ ತಂದೆ. ಒಂದೇ ಕಡೆ ಕೂತು ಲೆಕ್ಕ ಬರೆಯುವವರಿಗೆ ಡೆಸ್ಕ್‌ಟಾಪ್ ಸಾಕು. ಜಾಗ ತೀರಾ ಕಡಿಮೆ ಇದ್ದರಷ್ಟೇ ಆಲ್-ಇನ್-ಒನ್.

ಯಾವುದೇ ಕೊಳ್ಳಿ, ತಿಂಗಳಿಗೊಮ್ಮೆ ಲೆಕ್ಕದ ನಕಲು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಇಡಿ. ಗುಡುಗು ಕೇಳಿಸುವ ಮೊದಲೇ, ಮೋಡ ಕವಿದಾಗಲೇ ಪ್ಲಗ್ ಕಿತ್ತುಬಿಡಿ. ಯಂತ್ರ ಮತ್ತೆ ಕೊಳ್ಳಬಹುದು, ಬರೆದಿಟ್ಟ ಲೆಕ್ಕ ಅಂಗಡಿಯಲ್ಲಿ ಸಿಗೋಲ್ಲ.